ದೋಣಿಯ ಗ್ಲ್ಯಾಂಡಿನಿಂದ ನೀರು ನಿಲ್ಲುತ್ತಿಲ್ಲ, ನಟ್ ಇನ್ನೂ ಬಿಗಿ ಮಾಡಬಹುದಾ?

ತುಮರಿ ದೋಣಿ
ಎಲ್ಲರಿಗೂ ನಮಸ್ಕಾರ. ನಮ್ಮದು ಶರಾವತಿ ಹಿನ್ನೀರಿನ ದಂಡೆಯ ಊರು. ಮನೆಯಲ್ಲಿ ಒಂದು ಕಬ್ಬಿಣದ ದೋಣಿ ಇದೆ, 22 ಅಡಿ ಉದ್ದ. ಒಳಗೆ ಎರಡು ಸಿಲಿಂಡರಿನ ಡೀಸೆಲ್ ಇಂಜಿನ್. ಅಪ್ಪ ಕರಾವಳಿಯಿಂದ ಹಳೇದು ನೋಡಿ ತಂದಿದ್ದು. 2025ರ ಜುಲೈಯಲ್ಲಿ ಸಿಗಂದೂರು ಸೇತುವೆ ಶುರುವಾದ ಮೇಲೆ ಪೇಟೆಗೆ ಹೋಗಲು ದೋಣಿ ಬೇಕಾಗಿಲ್ಲ. ಆದರೆ ನಮ್ಮ ತೋಟ ಆಚೆ ದಡದಲ್ಲಿದೆ. ಗೊಬ್ಬರ, ಅಡಿಕೆ ಮೂಟೆ, ಕೆಲಸದವರು, ರಜೆಯಲ್ಲಿ ಮಕ್ಕಳು, ಎಲ್ಲಾ ಇದರಲ್ಲೇ.

ತೊಂದರೆ ಇದು. ಪ್ರೊಪೆಲ್ಲರ್ ತಿರುಗಿಸುವ ಶಾಫ್ಟ್ ದೋಣಿಯಿಂದ ಹೊರಗೆ ಹೋಗುವ ಜಾಗದಲ್ಲಿ, ನೀರು ತಡೆಯಲು ಸುತ್ತ ದಾರ ತುಂಬಿ ನಟ್ ಬಿಗಿ ಮಾಡುವ ಗ್ಲ್ಯಾಂಡ್ ಇದೆಯಲ್ಲ, ಅಲ್ಲಿಂದ ನೀರು ಬರುತ್ತಿದೆ. ಹೋದ ಮಳೆಗಾಲದಲ್ಲಿ ತೊಟ್ಟು ತೊಟ್ಟಾಗಿ ಬೀಳುತ್ತಿತ್ತು. ದೀಪಾವಳಿ ಹೊತ್ತಿಗೆ ಸಣ್ಣ ಧಾರೆ ಆಯಿತು. ಎರಡೂ ನಟ್ ಬಿಗಿ ಮಾಡಿದೆ, ನಿಂತಿತು. ಹದಿನೈದು ದಿನಕ್ಕೆ ಮತ್ತೆ ಶುರು. ಮತ್ತೆ ಬಿಗಿ ಮಾಡಿದೆ. ಹೀಗೇ ನಾಲ್ಕೈದು ಸಲ ಆಯಿತು. ಈಗ ನಟ್ ಕೊನೆ ಮುಟ್ಟುತ್ತಾ ಬಂದಿದೆ. ನಿನ್ನೆ ಹತ್ತು ನಿಮಿಷ ಓಡಿಸಿ ನಿಲ್ಲಿಸಿದೆ. ಗ್ಲ್ಯಾಂಡ್ ಮುಟ್ಟಿದರೆ ಕೈ ಸುಟ್ಟಿತು, ಸುಟ್ಟ ವಾಸನೆ ಬೇರೆ. ಆದರೂ ಸೋರುವುದು ನಿಂತಿಲ್ಲ.

ಇನ್ನೂ ಒಂದು ಸುತ್ತು ಬಿಗಿ ಮಾಡಬಹುದಾ? ಇಲ್ಲಾ ಒಳಗಿನ ದಾರ ಬದಲಿಸಬೇಕಾ? ಬದಲಿಸುವುದಾದರೆ ನಾನೇ ಮಾಡಬಹುದಾ? ಇಲ್ಲಿ ಹತ್ತಿರ ದೋಣಿ ಮೆಕ್ಯಾನಿಕ್ ಯಾರೂ ಇಲ್ಲ.

ಹೊಸನಗರದ ಹುಡುಗ
ಅಣ್ಣ, ಹಳೇ ದಾರದ ಮೇಲೇ ಇನ್ನೊಂದು ಸುತ್ತು ದಾರ ತುರುಕಿ ಬಿಗಿ ಮಾಡಿ. ಐದು ನಿಮಿಷದ ಕೆಲಸ. ನಮ್ಮ ಕಡೆ ಎಲ್ಲರೂ ಹಾಗೇ ಮಾಡುವುದು.

ಗಂಗೊಳ್ಳಿ ಮೆಕ್ಯಾನಿಕ್
ದಯವಿಟ್ಟು ಹಾಗೆ ಮಾಡಬೇಡಿ. ನಟ್ಟಿಗೆ ಇನ್ನು ಸ್ಪ್ಯಾನರ್ ಹಾಕಲೇಬೇಡಿ. ಸುಟ್ಟ ವಾಸನೆ ಬಂತು ಅಂದರೆ ಒಳಗಿನ ಪ್ಯಾಕಿಂಗ್‌ನ, ಅಂದರೆ ಆ ದಾರದ, ಜಿಡ್ಡೆಲ್ಲ ಹೋಗಿ ಅದು ಗಟ್ಟಿಯಾಗಿದೆ ಅಂತಲೇ ಅರ್ಥ. ಗಟ್ಟಿಯಾದ ದಾರ ನೀರು ತಡೆಯುವುದಿಲ್ಲ, ಅರದ ಹಾಗೆ ಶಾಫ್ಟನ್ನು ತಿನ್ನುತ್ತದೆ. ಅದರ ಮೇಲೆ ಹೊಸ ದಾರ ತುರುಕಿದರೆ ಹೊಸದು ಮಾತ್ರ ಹಿಂಡಿಹೋಗುತ್ತದೆ, ಕೆಳಗಿನ ಗಟ್ಟಿ ದಾರ ಉಜ್ಜುತ್ತಲೇ ಇರುತ್ತದೆ.

ಮುಖ್ಯವಾದ ಮಾತು, ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ. ದಾರ ಹಾಕುವ ಗ್ಲ್ಯಾಂಡ್ ಸೋರಲೇಬೇಕು. ಶಾಫ್ಟ್ ತಿರುಗುವಾಗ ನಿಮಿಷಕ್ಕೆ ಎರಡು ಮೂರು ತೊಟ್ಟು ಬೀಳಬೇಕು. ದಾರಕ್ಕೂ ಶಾಫ್ಟಿಗೂ ನಡುವೆ ಆ ನೀರೇ ಎಣ್ಣೆ, ಆ ನೀರೇ ತಂಪು. ಅದನ್ನು ಪೂರ್ತಿ ನಿಲ್ಲಿಸಿದರೆ ಒಣಗಿ ಸುಡುತ್ತದೆ. ಇಂಜಿನ್ ನಿಂತಾಗ ತೊಟ್ಟು ಬೀಳಬಾರದು, ಬಿದ್ದರೂ ಅಪರೂಪಕ್ಕೆ ಒಂದು.

ಬಿಸಿ ನೋಡುವಾಗ ಇಂಜಿನ್ ನಿಲ್ಲಿಸಿಯೇ ಕೈ ಇಡಿ. ಹೆಗಲ ಮೇಲೆ ಟವೆಲ್ ಇದ್ದರೆ ಮೊದಲು ತೆಗೆದಿಡಿ. ತಿರುಗುವ ಶಾಫ್ಟಿಗೆ ಬಟ್ಟೆ ಸಿಕ್ಕಿ ಕೈ ಕಳೆದುಕೊಂಡವರನ್ನು ನಾನು ನೋಡಿದ್ದೇನೆ.

ತೀರ್ಥಹಳ್ಳಿ ತೋಟ
ಗಂಗೊಳ್ಳಿಯವರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ದೋಣಿಯವನಲ್ಲ, ಅಡಿಕೆ ತೋಟದವನು. ಆದರೆ ನಮ್ಮ ಹಳೇ ಪಂಪ್‌ಸೆಟ್ಟಿನಲ್ಲೂ ಇದೇ ಗ್ಲ್ಯಾಂಡ್, ಇದೇ ದಾರ. ತೊಟ್ಟು ಬೀಳುತ್ತದೆ ಅಂತ ನಮ್ಮ ಕೆಲಸದವನು ಪೂರ್ತಿ ಬಿಗಿ ಮಾಡಿಟ್ಟಿದ್ದ. ಒಂದೇ ಬೇಸಿಗೆಯಲ್ಲಿ ಶಾಫ್ಟಿಗೆ ಬೆರಳು ಕೂರುವಷ್ಟು ಗೀರು. ಆಮೇಲೆ ಎಷ್ಟು ದಾರ ಹಾಕಿದರೂ ಪಂಪು ಗಾಳಿ ಎಳೆಯುತ್ತಿತ್ತು, ನೀರೇ ಏರಲಿಲ್ಲ. ಕೊನೆಗೆ ಶಾಫ್ಟೇ ಬದಲಿಸಬೇಕಾಯಿತು. ಆ ವರ್ಷ ಏಪ್ರಿಲ್‌ನಲ್ಲಿ ಹನ್ನೆರಡು ದಿನ ತೋಟಕ್ಕೆ ನೀರಿಲ್ಲ.

ಹೊಸನಗರದ ಹುಡುಗ
ಪಂಪು ಬೇರೆ, ದೋಣಿ ಬೇರೆ ಅಲ್ವಾ? ಪಂಪಿನಲ್ಲಿ ನೀರು ಸೋರಿದರೆ ನೆಲಕ್ಕೆ ಹೋಗುತ್ತದೆ. ದೋಣಿಯಲ್ಲಿ ಸೋರಿದರೆ ದೋಣಿಯೊಳಗೇ ಬರುತ್ತದೆ. ಸೋರಲಿ ಅಂತ ಬಿಟ್ಟರೆ ಮುಳುಗುವುದಿಲ್ಲವಾ? ಮಕ್ಕಳನ್ನು ಕೂರಿಸುವ ದೋಣಿ ಅದು.

ಸಾಗರದ ಗಣಿತ ಮೇಷ್ಟ್ರು
ತಮ್ಮಾ, ಒಳ್ಳೆ ಪ್ರಶ್ನೆ ಕೇಳಿದೆ. ಲೆಕ್ಕ ಹಾಕೋಣ. ಸುಮಾರು 20 ತೊಟ್ಟು ಸೇರಿದರೆ ಒಂದು ಮಿಲಿಲೀಟರ್. ಮನೆಯಲ್ಲಿ ಔಷಧಿಯ ಡ್ರಾಪರ್ ಇದ್ದರೆ ನೀನೇ ಎಣಿಸಿ ನೋಡು. ನಿಮಿಷಕ್ಕೆ 3 ತೊಟ್ಟು ಅಂದರೆ ಗಂಟೆಗೆ 180 ತೊಟ್ಟು, ಅಂದರೆ 9 ಮಿಲಿ. ಇಡೀ ದಿನ, 24 ಗಂಟೆ, ನಿಲ್ಲಿಸದೆ ಓಡಿಸಿದರೂ 216 ಮಿಲಿ. ಎರಡು ಲೋಟ ಕಾಫಿಯಷ್ಟು.

ಸೆಕೆಂಡಿಗೊಂದು ತೊಟ್ಟು ಬಿದ್ದರೆ ಮಾತ್ರ ಬೇರೆ ಕತೆ. ಗಂಟೆಗೆ 180 ಮಿಲಿ, ದಿನಕ್ಕೆ ನಾಲ್ಕು ಲೀಟರಿಗೂ ಜಾಸ್ತಿ. ಧಾರೆ ಬಂದರಂತೂ ಬಕೆಟ್ ಲೆಕ್ಕ. ಹಾಗಾಗಿ ತುಮರಿಯವರೇ, ಗಡಿಯಾರ ಹಿಡಿದು ಎಣಿಸಿ ಬರೆದಿಡಿ. ‘ಸ್ವಲ್ಪ ಸೋರ್ತಿದೆ’ ಅನ್ನುವ ಮಾತಿಗಿಂತ ಒಂದು ಸಂಖ್ಯೆ ಇದ್ದರೆ ಜಾಸ್ತಿ ಆಯಿತೋ ಕಮ್ಮಿ ಆಯಿತೋ ಗೊತ್ತಾಗುತ್ತದೆ.

ತುಮರಿ ದೋಣಿ
ಮೇಷ್ಟ್ರೇ, ಈಗಷ್ಟೇ ಹೋಗಿ ಎಣಿಸಿದೆ. ದೋಣಿ ಸುಮ್ನೆ ನಿಂತಿರುವಾಗಲೇ ನಿಮಿಷಕ್ಕೆ 40 ತೊಟ್ಟು. ಅಂದರೆ ರಾತ್ರಿ ಬೆಳಗಾಗುವುದರೊಳಗೆ ಒಂದು ಲೀಟರಿಗೂ ಮೇಲೆ ಒಳಗೆ ಬರುತ್ತಿದೆ. ಇಷ್ಟು ದಿನ ನಾನು ಲೆಕ್ಕವೇ ಹಾಕಿರಲಿಲ್ಲ.

ಗಂಗೊಳ್ಳಿ ಮೆಕ್ಯಾನಿಕ್
ನಿಂತಾಗಲೇ 40 ಅಂದರೆ ಪ್ಯಾಕಿಂಗ್ ಮುಗಿಯಿತು. ದೋಣಿಗೆ ರಜೆ ಕೊಡಿ. ಇದು ನೀವೇ ಮಾಡುವ ಕೆಲಸ, ಹೆದರಬೇಡಿ. ನಿಮ್ಮಲ್ಲಿ ಈಗ ನೀರು ಇಳಿಯುತ್ತಿದೆಯಲ್ಲ, ಅದು ಒಳ್ಳೆಯದೇ. ನಮಗೆ ದೋಣಿ ಎತ್ತಲು ಯಾರ್ಡ್ ಬೇಕು, ಜನ ಬೇಕು. ನೀವು ದಂಡೆಯ ಗಟ್ಟಿ ನೆಲದ ಮೇಲೆ ನಿಲ್ಲಿಸಿ ಹಗ್ಗ ಕಟ್ಟಿ, ಎರಡೂ ಕಡೆ ದಿಮ್ಮಿ ಕೊಟ್ಟರೆ ವಾರದಲ್ಲಿ ನೀರು ತಾನಾಗಿ ಕೆಳಗೆ ಹೋಗುತ್ತದೆ. ಶಾಫ್ಟು, ಫ್ಯಾನು (ಪ್ರೊಪೆಲ್ಲರ್) ಎಲ್ಲಾ ಹೊರಗೆ ಕಾಣುತ್ತದೆ. ನೀರಿನಲ್ಲೇ ಬದಲಿಸುವವರು ಇದ್ದಾರೆ, ಹೊರಗಿಂದ ಶಾಫ್ಟಿಗೆ ಬಟ್ಟೆ ಸುತ್ತಿ ಮಾಡುತ್ತಾರೆ. ಮೊದಲ ಸಲ ಮಾಡುವವರಿಗೆ ಅದು ಬೇಡ.

ಮಾಡುವ ಕ್ರಮ ಹೇಳುತ್ತೇನೆ. ಎರಡು ನಟ್ ಬಿಚ್ಚಿ, ಗ್ಲ್ಯಾಂಡಿನ ಮುಚ್ಚಳವನ್ನು ಇಂಜಿನ್ ಕಡೆಗೆ ಸರಿಸಿ. ಒಳಗೆ ದಾರದ ಉಂಗುರಗಳು ಕಾಣುತ್ತವೆ. ಅದನ್ನು ತೆಗೆಯಲು ತುದಿಯಲ್ಲಿ ತಿರುಪು ಇರುವ ಕೊಕ್ಕೆ ಸಿಗುತ್ತದೆ. ಸಿಗದಿದ್ದರೆ ಉದ್ದದ ಸಣ್ಣ ತಿರುಪುಮೊಳೆಯನ್ನು ದಾರದೊಳಗೆ ತಿರುಗಿಸಿ ಇಕ್ಕಳದಲ್ಲಿ ಎಳೆಯಿರಿ. ಶಾಫ್ಟಿಗೆ ಮೊನೆ ತಾಗಬಾರದು. ಎಲ್ಲಾ ಉಂಗುರ ಬರಬೇಕು. ಟಾರ್ಚ್ ಹಾಕಿ ನೋಡಿ, ತಳದಲ್ಲಿ ಒಂದು ಅಡಗಿಕೊಂಡಿರುತ್ತದೆ. ಅದನ್ನು ಬಿಟ್ಟವರೇ ಜಾಸ್ತಿ.

ಹಳೇ ದಾರ ಕಪ್ಪಗೆ ಪುಡಿಪುಡಿಯಾಗಿ ಬಂದರೆ ಊದಬೇಡಿ, ಒಣ ಬ್ರಶ್ಶಿನಲ್ಲಿ ಉಜ್ಜಬೇಡಿ. ಹಿಂದೆಲ್ಲಾ ಆಸ್ಬೆಸ್ಟಾಸ್ ದಾರ ಹಾಕುತ್ತಿದ್ದರು. ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ನೀರು ಹಾಕಿ ಒದ್ದೆ ಮಾಡಿ, ಮೂಗಿಗೆ ಮಾಸ್ಕ್ ಹಾಕಿ, ತೆಗೆದಿದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ.

ಹಿನ್ನೀರ ಹಕ್ಕಿ
ನೀರು ಇಳಿಯುವ ಮಾತು ಬಂತು, ಅದಕ್ಕೆ ಕೇಳುತ್ತೇನೆ. ಈ ವರ್ಷ ಮಡೆನೂರು ಅಣೆಕಟ್ಟು ಕಾಣುವಷ್ಟು ನೀರು ಇಳಿದಿದೆಯಾ? ನಾವು ನಾಲ್ಕು ಜನ ನೋಡಲು ಬರಬೇಕು ಅಂತ ಇದ್ದೇವೆ.

ಸಾಗರದ ಗಣಿತ ಮೇಷ್ಟ್ರು
ಇನ್ನೂ ಇಲ್ಲಮ್ಮ. ಈ ಹಿನ್ನೀರಿನ ಲಿಂಗನಮಕ್ಕಿ ಅಣೆಕಟ್ಟು ತುಂಬಿದಾಗ 1819 ಅಡಿ. ಅಲ್ಲಿಂದ ತುಂಬಾ ಕೆಳಗೆ ಹೋದರೆ ಮಾತ್ರ ಮಡೆನೂರು ಕಟ್ಟೆ ಮೇಲೇಳುತ್ತದೆ. 1964ರಲ್ಲಿ ಲಿಂಗನಮಕ್ಕಿ ಆದಾಗ ಮಡೆನೂರಿನ ಈ ಹಳೇ ಹಿರೇಭಾಸ್ಕರ ಅಣೆಕಟ್ಟೇ ನೀರಿನಡಿ ಹೋಯಿತು. ಹೆಚ್ಚಾದ ನೀರು ಹೊರಬಿಡುವ ಅದರ ಸೈಫನ್‌ಗಳು ಇನ್ನೂ ನಿಂತಿವೆ, ನೋಡಲೇಬೇಕು. ನಮ್ಮ ಅಜ್ಜಿಯ ತವರೂ ಅದೇ ನೀರಿನಡಿ ಇದೆ.

ಭದ್ರಾ ದಂಡೆ
ಮಡೆನೂರು ಆಮೇಲೆ ನೋಡೋಣ ಮಾರಾಯ್ರೆ. ತುಮರಿಯವರೇ, ನಿಮ್ಮ ಹಿನ್ನೀರಿನಲ್ಲಿ ಮುಳುಗಿದ ಮರದ ಬೊಡ್ಡೆಗಳು ಜಾಸ್ತಿ. ಯಾವಾಗಲಾದರೂ ಪ್ರೊಪೆಲ್ಲರ್ ಬೊಡ್ಡೆಗೆ ಬಡಿದಿತ್ತಾ? ಬಡಿದಿದ್ದರೆ ಶಾಫ್ಟ್ ಬಾಗಿರಬಹುದು. ಬಾಗಿದ ಶಾಫ್ಟಿಗೆ ಎಂಥ ದಾರ ಹಾಕಿದರೂ ನಿಲ್ಲುವುದಿಲ್ಲ. ಶಾಫ್ಟು ಕುಣಿಯುತ್ತದೆ, ದಾರದ ತೂತು ದೊಡ್ಡದಾಗುತ್ತಾ ಹೋಗುತ್ತದೆ.

ತುಮರಿ ದೋಣಿ
ಹೋದ ಮೇ ತಿಂಗಳಲ್ಲಿ ಒಂದು ಸಲ ಜೋರಾಗಿ ಬಡಿದಿತ್ತು. ಇಂಜಿನ್ ಆಫ್ ಆಯಿತು. ಆಮೇಲೆ ಸರಿಯಾಗಿ ಓಡಿತು ಅಂತ ಬಿಟ್ಟುಬಿಟ್ಟೆ. ಸೋರಲು ಶುರುವಾಗಿದ್ದು ಅದರ ನಂತರವೇ! ನೀವು ಕೇಳುವವರೆಗೂ ಎರಡನ್ನೂ ಜೋಡಿಸಿ ನೋಡಿರಲಿಲ್ಲ.

ಗಂಗೊಳ್ಳಿ ಮೆಕ್ಯಾನಿಕ್
ಹಾಗಾದರೆ ದಾರ ಬದಲಿಸಿದರೆ ಮುಗಿಯುವ ಕೆಲಸ ಅಲ್ಲ ಇದು. ಸೋರುವುದು ಗ್ಲ್ಯಾಂಡಿನಲ್ಲಿ, ರೋಗ ಬೇರೆ ಕಡೆ ಇರಬಹುದು. ದೋಣಿ ಮೇಲೆ ಬಂದಾಗ ಇಷ್ಟು ನೋಡಿ. ಫ್ಯಾನಿನ ಹತ್ತಿರ ಶಾಫ್ಟ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಕಟಕಟ ಅಂದರೆ ಹಿಂದಿನ ರಬ್ಬರ್ ಬೇರಿಂಗ್ ಸವೆದಿದೆ. ಇಂಜಿನ್ನಿನ ನಾಲ್ಕೂ ಫೌಂಡೇಶನ್ ರಬ್ಬರ್ ನೋಡಿ, ಒಂದು ಹರಿದಿದ್ದರೂ ಇಂಜಿನ್ ಓರೆ ಕೂರುತ್ತದೆ. ಇಂಜಿನ್ನನ್ನೂ ಶಾಫ್ಟನ್ನೂ ಜೋಡಿಸುವ ಕಪ್ಲಿಂಗ್ ಬೋಲ್ಟ್ ಬಿಚ್ಚಿ, ಎರಡು ಮುಖ ಹತ್ತಿರ ತಂದು, ಸಂದು ಅಳೆಯುವ ಫೀಲರ್ ಗೇಜ್ ನಾಲ್ಕು ಕಡೆ ಹಾಕಿ. 100 ಮಿಲಿಮೀಟರ್ ಅಗಲದ ಕಪ್ಲಿಂಗ್ ಆದರೆ 0.1 ಮಿಲಿಮೀಟರಿಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಫ್ಯಾನಿನ ಹಿಂದೆ ನೈಲಾನ್ ಬಲೆ ಸುತ್ತಿಕೊಂಡಿದೆಯಾ ಅಂತಲೂ ನೋಡಿ. ಹೊರಗಿಂದ ಕಾಣುವುದೇ ಇಲ್ಲ, ಕರಗಿ ಗಟ್ಟಿಯಾಗಿ ಕೂತಿರುತ್ತದೆ.

ಕಾರವಾರ ಕಡಲು
ಇದೆಲ್ಲಾ ಹಳೇ ಕಾಲದ ಕಷ್ಟ. ಈಗ ತೊಟ್ಟೂ ಬೀಳದ ಸೀಲ್ ಬರುತ್ತದೆ. ಒಂದು ಕಡೆ ಕಾರ್ಬನ್ ಉಂಗುರ, ಎದುರಿಗೆ ಸ್ಟೀಲ್ ಉಂಗುರ, ಹಿಂದೆ ಒತ್ತುವ, ಮಡಿಕೆ ಮಡಿಕೆಯ ರಬ್ಬರ್ ಕೊಳವೆ, ಅದೇ ಬೆಲ್ಲೋಸ್. ಎರಡು ಮುಖ ಒಂದಕ್ಕೊಂದು ಒತ್ತಿ ತಿರುಗುತ್ತವೆ, ನೀರು ಒಳಗೆ ಬರುವುದೇ ಇಲ್ಲ. ದಾರವೂ ಬೇಡ, ಸ್ಪ್ಯಾನರೂ ಬೇಡ. ನಮ್ಮ ದೋಣಿಗೆ ಹಾಕಿ ನಾಲ್ಕು ವರ್ಷ ಆಯಿತು, ತಳ ಪೂರ್ತಿ ಒಣಗಿದೆ.

ಗಂಗೊಳ್ಳಿ ಮೆಕ್ಯಾನಿಕ್
ಒಳ್ಳೆಯ ಸಾಮಾನು, ಇಲ್ಲ ಅನ್ನುವುದಿಲ್ಲ. ಆದರೆ ಬಾಗಿದ ಶಾಫ್ಟಿಗೆ ಅದನ್ನು ಹಾಕಿದರೆ ಮುಖಗಳು ಕೂರುವುದಿಲ್ಲ, ಇನ್ನೂ ಬೇಗ ಸೋರುತ್ತದೆ. ದೋಣಿ ನೀರಿಗಿಳಿಸಿದಾಗಲೆಲ್ಲ ಬೆಲ್ಲೋಸ್ ಒತ್ತಿ ಒಳಗಿನ ಗಾಳಿ ಹೊರಗೆ ಬಿಡಬೇಕು. ಮರೆತರೆ ಒಣಗಿ ಓಡಿ ಸುಡುತ್ತದೆ. ಎಲ್ಲಕ್ಕಿಂತ ದೊಡ್ಡದು, ಬೆಲ್ಲೋಸ್ ಹರಿದರೆ ತೊಟ್ಟಲ್ಲ, ಹೊಳೆಯೇ ಒಳಗೆ ಬರುತ್ತದೆ. ದಾರದ ಗ್ಲ್ಯಾಂಡ್ ಹಾಗಲ್ಲ. ತಿಂಗಳುಗಟ್ಟಲೆ ಮುಂಚೆ ಹೇಳಿ ಹೇಳಿ ಕೆಡುತ್ತದೆ. ತುಮರಿಯವರ ಗ್ಲ್ಯಾಂಡ್ ಮಳೆಗಾಲದಿಂದ ಕೂಗುತ್ತಿದೆ ನೋಡಿ.

ಕಾರವಾರ ಕಡಲು
ಬೆಲ್ಲೋಸ್ ಅನ್ನು ಹೇಳಿದ ಅವಧಿಗೆ ಬದಲಿಸಿದರೆ ಹರಿಯುವುದಿಲ್ಲ. ನೀವು ಹೆದರಿಸುತ್ತಿದ್ದೀರಿ. ದಾರದ ಗ್ಲ್ಯಾಂಡಿನ ದೋಣಿ ಮುಳುಗಿಲ್ಲವಾ?

ಭದ್ರಾ ದಂಡೆ
ಮುಳುಗಿದೆ. ನಮ್ಮ ಪರಿಚಯದವರದ್ದೇ. ಫೈಬರ್ ದೋಣಿಯಲ್ಲಿ ಗ್ಲ್ಯಾಂಡಿಗೂ ದೋಣಿಯ ಕೊಳವೆಗೂ ನಡುವೆ ರಬ್ಬರ್ ಹೋಸ್ ಇರುತ್ತದೆ. ಅವರು ಗ್ಲ್ಯಾಂಡ್ ಚೆನ್ನಾಗಿ ನೋಡಿಕೊಂಡರು, ಹೋಸ್ ನೋಡಲಿಲ್ಲ. ಕ್ಲ್ಯಾಂಪ್ ತುಕ್ಕು ಹಿಡಿದು ರಾತ್ರಿ ಬಿಟ್ಟುಕೊಂಡಿತು. ಬೆಳಿಗ್ಗೆ ನೋಡಿದರೆ ಕಟ್ಟಿದ ಹಗ್ಗ ಮಾತ್ರ ಮೇಲೆ. ದೋಣಿಯಲ್ಲಿ ಯಾರೂ ಇರಲಿಲ್ಲ, ಅದೇ ಪುಣ್ಯ. ಹೋಸ್ ಇದ್ದವರು ಎರಡೂ ತುದಿಗೆ ಎರಡೆರಡು ಸ್ಟೇನ್‌ಲೆಸ್ ಕ್ಲ್ಯಾಂಪ್ ಹಾಕಿ. ವರ್ಷಕ್ಕೊಮ್ಮೆ ಹೋಸ್ ಹಿಂಡಿ ನೋಡಿ, ಬಿರುಕು ಕಂಡರೆ ಬದಲಿಸಿ.

ತುಮರಿ ದೋಣಿ
ನಮ್ಮದರಲ್ಲಿ ಹೋಸ್ ಇಲ್ಲ, ಕಬ್ಬಿಣದ ಕೊಳವೆಗೇ ಗ್ಲ್ಯಾಂಡ್ ಬೋಲ್ಟ್ ಆಗಿದೆ. ಕಾರವಾರದವರೇ, ಹೊಸ ಸೀಲ್ ಕೆಟ್ಟರೆ ಬಿಡಿಭಾಗ ನಮಗೆ ಇಲ್ಲಿ ಸಿಗುವುದಿಲ್ಲ. ದಾರವಾದರೆ ಸಾಗರದಲ್ಲೋ ಶಿವಮೊಗ್ಗದಲ್ಲೋ ಪಂಪಿನ ಅಂಗಡಿಯಲ್ಲಿ ಸಿಗುತ್ತದೆ. ಹಾಗಾಗಿ ದಾರವೇ ಇರಲಿ. ಯಾವ ದಾರ, ಎಷ್ಟು ದಪ್ಪ?

ತೀರ್ಥಹಳ್ಳಿ ತೋಟ
ಅಂಗಡಿಯಲ್ಲಿ ‘ಗ್ಲ್ಯಾಂಡ್ ಪ್ಯಾಕಿಂಗ್’ ಅಂತಲೇ ಕೇಳಿ. ಚೌಕಾಕಾರದ ಹೆಣೆದ ದಾರ ಕೊಡುತ್ತಾರೆ. ನಾವು ಪಂಪಿಗೆ ಗ್ರಾಫೈಟ್ ಹಚ್ಚಿದ ಕಪ್ಪು ದಾರ ಹಾಕುತ್ತೇವೆ.

ಗಂಗೊಳ್ಳಿ ಮೆಕ್ಯಾನಿಕ್
ಸಮುದ್ರದ ದೋಣಿಗೆ ಗ್ರಾಫೈಟ್ ದಾರ ಹಾಕಬಾರದು, ಉಪ್ಪುನೀರಿನಲ್ಲಿ ಸ್ಟೇನ್‌ಲೆಸ್ ಶಾಫ್ಟಿಗೆ ತೂತು ಬೀಳುತ್ತದೆ. ನಿಮ್ಮದು ಸಿಹಿನೀರು, ಅಷ್ಟು ಭಯ ಇಲ್ಲ. ಆದರೂ ನಾನಾದರೆ ಕೊಬ್ಬು ಹಾಕಿದ ಅಗಸೆ ನಾರಿನ ದಾರ ಅಥವಾ ಟೆಫ್ಲಾನ್ ದಾರ ಹಾಕುತ್ತೇನೆ.

ದಪ್ಪಕ್ಕೆ ಶಾಫ್ಟ್ ಅಳೆಯಿರಿ, ಗ್ಲ್ಯಾಂಡಿನ ಒಳಗಿನ ಅಗಲ ಅಳೆಯಿರಿ. ಅಗಲದಿಂದ ಶಾಫ್ಟನ್ನು ಕಳೆದು ಎರಡರಿಂದ ಭಾಗಿಸಿ. ಹಳೇ ದಾರ ಹಿಡಿದು ಅಂಗಡಿಗೆ ಹೋಗಬೇಡಿ. ಅದು ಹಿಂಡಿಹೋಗಿ ಸಣ್ಣ ಆಗಿರುತ್ತದೆ, ತಪ್ಪು ಸೈಜ್ ತರುತ್ತೀರಿ.

ತುಮರಿ ದೋಣಿ
ಶಾಫ್ಟ್ 32 ಮಿಲಿಮೀಟರ್. ಒಳಗಿನ ಅಗಲ 48. ಅಂದರೆ 8 ಮಿಲಿಮೀಟರಿನ ದಾರ.

ಸಾಗರದ ಗಣಿತ ಮೇಷ್ಟ್ರು
ಒಂದು ಉಂಗುರದ ಉದ್ದ ಬೇಕಾದರೆ ಶಾಫ್ಟ್ ಮತ್ತು ದಾರ ಕೂಡಿಸಿ, 40. ಅದಕ್ಕೆ 3.14 ಗುಣಿಸಿ. ಸುಮಾರು 126 ಮಿಲಿಮೀಟರ್. ನಾಲ್ಕು ಉಂಗುರಕ್ಕೆ ಅರ್ಧ ಮೀಟರ್ ಚಿಲ್ಲರೆ. ಒಂದು ಮೀಟರ್ ತಂದರೆ ತಪ್ಪಾದರೂ ಚಿಂತೆ ಇಲ್ಲ.

ಶಿವಮೊಗ್ಗ ಲೇತ್
ಮೇಷ್ಟ್ರ ಲೆಕ್ಕ ಸರಿ. ಆದರೆ ಕೈಯಲ್ಲಿ ಮಾಡುವಾಗ ಲೆಕ್ಕಕ್ಕಿಂತ 32ರದ್ದೇ ಒಂದು ರಾಡಿಗೆ ದಾರ ಸುತ್ತಿ, ಹೊಸ ಬ್ಲೇಡಿನಲ್ಲಿ ಒಂದೇ ಸಲಕ್ಕೆ ಕತ್ತರಿಸುವುದು ಒಳ್ಳೆಯದು. ನಾಲ್ಕೂ ಒಂದೇ ಅಳತೆ ಬರುತ್ತವೆ. ದೋಣಿಯ ಶಾಫ್ಟಿನ ಮೇಲೇ ಇಟ್ಟು ಮಾತ್ರ ಕತ್ತರಿಸಬೇಡಿ. ಬ್ಲೇಡಿನ ಗೀರು ಬಿದ್ದರೆ ಹೊಸ ದಾರವನ್ನು ಅದೇ ತಿನ್ನುತ್ತದೆ. ಓರೆಯಾಗಿ, 45 ಡಿಗ್ರಿಗೆ ಕತ್ತರಿಸಿ. ತುದಿ ಮೇಲೆ ತುದಿ ಕೂರುತ್ತದೆ.

ತೀರ್ಥಹಳ್ಳಿ ತೋಟ
ನಮ್ಮ ಪಂಪಿನವರು ನೇರ ಕತ್ತರಿಸಿ ಅನ್ನುತ್ತಾರೆ. ಓರೆ ಮಾಡಿದರೆ ತೆಳ್ಳಗಿನ ತುದಿ ಹಿಂಜಿಕೊಂಡು ಒಳಗೆ ಎಳೆದುಹೋಗುತ್ತದೆ ಅಂತ.

ಶಿವಮೊಗ್ಗ ಲೇತ್
ಎರಡೂ ನಡೆಯುತ್ತದೆ ಸಾರ್, ಜಗಳ ಬೇಡ. ಸಂದು ಬಿಡಬಾರದು, ಅಷ್ಟೇ. ನಡೆಯದೇ ಇರುವುದು ಒಂದೇ, ಇಡೀ ದಾರವನ್ನು ಬಳ್ಳಿಯ ಹಾಗೆ ಸುತ್ತುತ್ತಾ ಒಳಗೆ ತಳ್ಳುವುದು. ನೀರು ಆ ಸುರುಳಿ ಹಿಡಿದೇ ಒಳಗೆ ನಡೆದು ಬರುತ್ತದೆ. ಪ್ರತಿ ಉಂಗುರ ಬೇರೆ ಬೇರೆ ಇರಬೇಕು. ಒಂದೊಂದನ್ನೇ ತಳಕ್ಕೆ ತಳ್ಳಿ ಕೂರಿಸಬೇಕು. ಉಂಗುರದ ತುದಿಗಳು ಸೇರುವ ಕೂಡು ಒಂದರ ಹಿಂದೆ ಒಂದು ಬರಬಾರದು. ನಾಲ್ಕು ಉಂಗುರ ಆದರೆ ಗಡಿಯಾರದ 12, 6, 3, 9ರ ಜಾಗಕ್ಕೆ ಒಂದೊಂದು ಕೂಡು ಬರಲಿ.

ತುಮರಿ ದೋಣಿ
ಒಂಬತ್ತು ದಿನ ಆಯಿತು. ದೋಣಿ ದಂಡೆಯಲ್ಲಿ ಕೂತಿದೆ. ಎಲ್ಲಾ ಬಿಚ್ಚಿದೆ. ಕಂಡದ್ದು ಹೇಳುತ್ತೇನೆ.

ದಾರ ತೆಗೆಯಲು ಮೂರು ಗಂಟೆ ಹಿಡಿಯಿತು. ಮೇಲಿನ ಎರಡು ಉಂಗುರ ಸುಲಭವಾಗಿ ಬಂದವು. ಕೆಳಗಿನದು ಇದ್ದಿಲಿನ ಹಾಗೆ ಆಗಿತ್ತು. ಒದ್ದೆ ಮಾಡಿ ಚೂರು ಚೂರಾಗಿ ತೆಗೆದೆ. ಅದು ಉಂಗುರವೇ ಅಲ್ಲ, ಲೇತ್‌ನವರು ಹೇಳಿದ ಹಾಗೆ ಒಂದೇ ದಾರವನ್ನು ಸುತ್ತಿದ್ದು. ಅಪ್ಪನ ಕಾಲದಲ್ಲಿ ಯಾರೋ ಹಾಕಿದ್ದಿರಬೇಕು. ಹೊಸನಗರದ ತಮ್ಮ ಹೇಳಿದ ಹಾಗೆ ಅದರ ಮೇಲೇ ಮತ್ತೆ ಎರಡು ಉಂಗುರ ತುರುಕಿದ್ದಾರೆ.

ಶಾಫ್ಟಿನಲ್ಲಿ ದಾರ ಕೂರುವ ಜಾಗದಲ್ಲಿ ಎರಡು ಗೀರು. ಉಗುರು ಆಡಿಸಿದರೆ ಸಿಕ್ಕಿಕೊಳ್ಳುತ್ತದೆ. ಇಂಜಿನ್ನಿನ ಹಿಂದಿನ ಎಡಗಡೆ ರಬ್ಬರ್ ಹರಿದು ಎರಡು ಹೋಳಾಗಿದೆ. ಕಪ್ಲಿಂಗ್ ಮೇಲ್ಗಡೆ 0.6 ಮಿಲಿಮೀಟರ್ ತೆರೆದುಕೊಂಡಿದೆ. ಫ್ಯಾನಿನ ಹಿಂದೆ ಬಲೆಯೂ ಇತ್ತು, ಮುಷ್ಟಿಯಷ್ಟು.

ಗೀರು ಬಿದ್ದ ಶಾಫ್ಟಿಗೆ ವೆಲ್ಡಿಂಗ್ ತುಂಬಿ ಲೇತ್‌ನಲ್ಲಿ ಕಡೆಯಬಹುದು ಅಂತ ಇಲ್ಲಿ ಒಬ್ಬರು ಹೇಳಿದರು. ಮಾಡಿಸಲಾ?

ಶಿವಮೊಗ್ಗ ಲೇತ್
ಬೇಡ. ವೆಲ್ಡಿಂಗ್ ಬಿಸಿಗೆ ಅಷ್ಟು ಉದ್ದದ ಶಾಫ್ಟ್ ಬಾಗುತ್ತದೆ. ನೇರ ಮಾಡಿದರೂ ಆ ಜಾಗದಲ್ಲಿ ಮುಂದೆ ಬಿರುಕು ಬಿಡುವ ಸಂಭವ ಇದೆ. ಮೇಲ್ಮೈ ಕಡೆದು ಸಣ್ಣ ಮಾಡಿದರೆ 8ರ ದಾರ ಸಡಿಲ ಆಗುತ್ತದೆ. ಹೇಗೂ ಬೊಡ್ಡೆಗೆ ಬಡಿದ ಶಾಫ್ಟ್ ಅದು. ಸ್ಟೇನ್‌ಲೆಸ್ ರಾಡ್ ತಂದು ಹೊಸದೇ ಮಾಡಿಸಿ. ನಿಮ್ಮ ಸಿಹಿನೀರಿಗೆ 304 ದರ್ಜೆಯದು ಸಾಕು.

ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್‌ನಲ್ಲಿ ಯಾವ ಲೇತ್‌ಗೆ ಹೋದರೂ ಹಳೇ ಶಾಫ್ಟ್ ಜೊತೆ ಪ್ರೊಪೆಲ್ಲರನ್ನೂ ತಗೊಂಡು ಹೋಗಿ. ಬರೀ ಶಾಫ್ಟ್ ಕೊಟ್ಟರೆ ಪ್ರೊಪೆಲ್ಲರ್ ಕೂರುವ ಓರೆ ತುದಿ, ಅಂದರೆ ಟೇಪರ್, ಅಂದಾಜಿಗೆ ಕಡೆಯುತ್ತಾರೆ. ಟೇಪರಿಗೆ ನೀಲಿ ಬಣ್ಣ ಹಚ್ಚಿ ಪ್ರೊಪೆಲ್ಲರ್ ಕೂರಿಸಿ ತಿರುಗಿಸಿ ತೆಗೆಯಬೇಕು. ಬಣ್ಣ ಸುತ್ತಲೂ ಒಂದೇ ಸಮ ಹತ್ತಿದರೆ ಸರಿ. ಒಂದು ಕಡೆ ಮಾತ್ರ ಹತ್ತಿದರೆ ಪ್ರೊಪೆಲ್ಲರನ್ನು ಶಾಫ್ಟಿಗೆ ಹಿಡಿಯುವ ಕೀ ಮೇಲೆ ಭಾರ ಬೀಳುತ್ತದೆ, ಕೀ ಕತ್ತರಿಸಿಹೋಗುತ್ತದೆ. ನಿಂತು ನೋಡಿ ಮಾಡಿಸಿ, ಬಿಟ್ಟು ಬರಬೇಡಿ.

ಹೊಸನಗರದ ಹುಡುಗ
ಮೇಲೆ ದಾರ ತುರುಕಿ ಅಂದಿದ್ದು ನಾನೇ. ತಪ್ಪಾಯಿತು ಅಣ್ಣ. ನಮ್ಮ ಮಾವನ ದೋಣಿಯದ್ದೂ ಈ ಭಾನುವಾರ ಬಿಚ್ಚಿ ನೋಡುತ್ತೇನೆ. ಒಂದು ಅನುಮಾನ. ಗ್ಲ್ಯಾಂಡಿನ ಮೇಲೆ ಗ್ರೀಸ್ ಕಪ್ ಇದೆ. ಅದನ್ನು ದಿನಾ ತಿರುಗಿಸಿದರೆ ನೀರಿನ ತೊಟ್ಟು ಬೇಕಾಗಿಲ್ಲ ಅಲ್ವಾ?

ಗಂಗೊಳ್ಳಿ ಮೆಕ್ಯಾನಿಕ್
ತಪ್ಪೇನಿಲ್ಲ ತಮ್ಮಾ, ಕೇಳಿದ್ದು ಒಳ್ಳೆಯದಾಯಿತು. ಗ್ರೀಸ್ ಸಹಾಯ ಮಾಡುತ್ತದೆ, ಆದರೆ ನೀರಿನ ಕೆಲಸ ಮಾಡುವುದಿಲ್ಲ. ಗ್ರೀಸ್ ಬಿಸಿ ಹೊತ್ತೊಯ್ಯುವುದಿಲ್ಲ. ಓಡಿಸುವ ದಿನ ಅರ್ಧ ಸುತ್ತು ಸಾಕು, ಅದೂ ನೀರಿಗೆ ಕರಗದ ಗ್ರೀಸ್. ಜಾಸ್ತಿ ತುಂಬಿದರೆ ಹಿಂದೆ ಹೋಗಿ ರಬ್ಬರ್ ಬೇರಿಂಗಿನ ಗೆರೆಗಳಲ್ಲಿ ಕೂರುತ್ತದೆ. ಆ ಗೆರೆಗಳಲ್ಲಿ ನೀರು ಹರಿಯಬೇಕು, ಅದೇ ಬೇರಿಂಗಿನ ಎಣ್ಣೆ.

ಹಿನ್ನೀರ ಹಕ್ಕಿ
ಅದೇ ನೀರನ್ನು ದಂಡೆಯ ಊರಿನವರು ಕುಡಿಯುತ್ತಾರೆ, ದನಕರು ಕುಡಿಯುತ್ತವೆ. ಗ್ರೀಸ್ ಎಷ್ಟು ಕಮ್ಮಿ ಹಾಕಿದರೆ ಅಷ್ಟು ಒಳ್ಳೆಯದು. ದೋಣಿಯ ತಳದಲ್ಲಿ ಡೀಸೆಲ್ ಸೇರಿದ ನೀರಿದ್ದರೆ ಹಾಗೇ ಹೊರಗೆ ಎತ್ತಿ ಚೆಲ್ಲಬೇಡಿ. ಮೊದಲು ಹಳೇ ಬಟ್ಟೆಯಲ್ಲಿ ಎಣ್ಣೆ ಹೀರಿಸಿ ತೆಗೆಯಿರಿ. ನಾವು ಕುಟುಂಬವಾಗಿ ಇದೇ ಹಿನ್ನೀರಿನ ಹೊನ್ನೇಮರಡುವಿಗೆ ಬರುವವರು. ಆ ನೀರಿನ ಮೇಲೆ ಒಂದು ಎಣ್ಣೆಯ ಪದರ ನೋಡಿದರೂ ಹೊಟ್ಟೆ ಉರಿಯುತ್ತದೆ.

ಭದ್ರಾ ದಂಡೆ
ಸರಿಯಾಗಿ ಹೇಳಿದಿರಿ ಅಕ್ಕ. ಇನ್ನೊಂದು, ಮಕ್ಕಳನ್ನು ಕೂರಿಸುವುದಾದರೆ ಗ್ಲ್ಯಾಂಡ್ ಎಷ್ಟು ಚೆನ್ನಾಗಿದ್ದರೂ ಲೈಫ್ ಜಾಕೆಟ್ ಹಾಕಿಸಿ. ತಳಕ್ಕೆ, ನೀರು ಏರಿದರೆ ತಾನೇ ಶುರುವಾಗುವ ಫ್ಲೋಟ್ ಸ್ವಿಚ್ ಇರುವ 12 ವೋಲ್ಟಿನ ಪಂಪ್ ಇರಲಿ, ಪಕ್ಕದಲ್ಲಿ ಬಕೆಟ್ಟೂ ಇರಲಿ. ಬ್ಯಾಟರಿ ಸತ್ತರೆ ಪಂಪ್ ಇದ್ದೂ ಇಲ್ಲದ ಹಾಗೆ.

ಗಂಗೊಳ್ಳಿ ಮೆಕ್ಯಾನಿಕ್
ಹೊಸ ದಾರ ಕೂರಿಸಿದ ಮೇಲೆ ನಟ್ ಕೈಯಲ್ಲಿ ಮಾತ್ರ ಬಿಗಿ ಮಾಡಿ ನೀರಿಗಿಳಿಸಿ. ಜಾಸ್ತಿ ಸೋರುತ್ತದೆ, ಗಾಬರಿ ಬೇಡ. ದಾರ ನೀರು ಕುಡಿದು ಊದಿಕೊಳ್ಳಲಿ. ಒಂದು ದಿನ ತೇಲಲು ಬಿಟ್ಟು ಕಪ್ಲಿಂಗ್ ಮತ್ತೊಮ್ಮೆ ಅಳೆಯಿರಿ. ದಂಡೆ ಮೇಲೆ ಕೂತಾಗಿನ ಅಳತೆ ತೇಲುವಾಗ ಇರುವುದಿಲ್ಲ. ಆಮೇಲೆ ಇಂಜಿನ್ ಹಾಕಿ. ಎರಡು ನಟ್ಟನ್ನೂ ಸಮವಾಗಿ, ಒಂದು ಸಲಕ್ಕೆ ನಟ್ಟಿನ ಒಂದು ಮುಖದಷ್ಟು ಮಾತ್ರ ತಿರುಗಿಸಿ. ಹತ್ತು ನಿಮಿಷ ಕಾಯಿರಿ, ತೊಟ್ಟು ಎಣಿಸಿ. ಮತ್ತೆ ಒಂದು ಮುಖ. ಒಂದೇ ದಿನದಲ್ಲಿ ಸರಿ ಮಾಡಬೇಕು ಅಂತ ಹಟ ಬೇಡ. ಕೊನೆಗೆ ಲಾಕ್ ನಟ್ ಬಿಗಿ ಮಾಡಲು ಮರೆಯಬೇಡಿ.

ಕಾರವಾರ ಕಡಲು
ಶಾಫ್ಟ್ ಹೊಸದು, ಇಂಜಿನ್ ರಬ್ಬರ್ ಹೊಸದು. ಈಗಲೇ ನೋಡಿ ಹೊಸ ಸೀಲ್ ಹಾಕಲು ಸರಿಯಾದ ಸಮಯ. ಎರಡನೇ ಸಲ ಶಾಫ್ಟ್ ಬಿಚ್ಚುವ ಕೆಲಸ ತಪ್ಪುತ್ತದೆ. ನನ್ನ ಅಭಿಪ್ರಾಯ ನಾನು ಬದಲಿಸುವುದಿಲ್ಲ.

ತುಮರಿ ದೋಣಿ
ಕಾರವಾರದವರೇ, ನಿಮ್ಮ ಮಾತು ಯೋಚಿಸಿದೆ. ಬೊಡ್ಡೆ, ಕೆಸರು, ಬಲೆ ಇರುವ ನೀರು ನಮ್ಮದು. ಕೆಟ್ಟರೆ ನಾನೇ ದಂಡೆಯಲ್ಲಿ ಕೂತು ಸರಿ ಮಾಡುವ ಹಾಗಿರಬೇಕು.

ಕೆಲಸ ಮುಗಿಯಿತು. ಲೇತ್‌ನಲ್ಲಿ ನಿಂತೇ ಮಾಡಿಸಿದೆ. ಮೊದಲ ಸಲ ನೀಲಿ ಬಣ್ಣ ಒಂದೇ ಕಡೆ ಹತ್ತಿತು, ಮತ್ತೆ ಕಡೆದರು. ನಾಲ್ಕೂ ಇಂಜಿನ್ ರಬ್ಬರ್ ಬದಲಿಸಿದೆ. ಹಿಂದಿನ ರಬ್ಬರ್ ಬೇರಿಂಗ್ ಗಟ್ಟಿ ಇತ್ತು, ಬಿಟ್ಟೆ. ತೇಲಿಸಿ ಒಂದು ದಿನ ಬಿಟ್ಟು ಕಪ್ಲಿಂಗ್ ಅಳೆದರೆ ದಂಡೆಯಲ್ಲಿ 0.05 ಇದ್ದದ್ದು 0.2 ಆಗಿತ್ತು. ಗಂಗೊಳ್ಳಿಯವರು ಹೇಳದಿದ್ದರೆ ಹಾಗೇ ಓಡಿಸುತ್ತಿದ್ದೆ. ಮುಂದಿನ ಎರಡು ಫೌಂಡೇಶನ್‌ಗೆ ತೆಳು ತಗಡು ಕೊಟ್ಟು 0.1ರ ಒಳಗೆ ತಂದೆ.

ಮೊದಲ ದಿನ ಇಂಜಿನ್ ಹಾಕಿದಾಗ ನಿಮಿಷಕ್ಕೆ 30 ತೊಟ್ಟು. ಮಗಳು ಮೊಬೈಲ್ ಗಡಿಯಾರ ಹಿಡಿದು ಎಣಿಸಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಳು. ಎರಡನೇ ದಿನ 11. ಇವತ್ತು ಆಚೆ ದಡಕ್ಕೆ ಹೋಗಿ ಬಂದೆ, ಮುಕ್ಕಾಲು ಗಂಟೆ. ಓಡುವಾಗ 3, ನಿಂತಾಗ ಒಂದೂ ಇಲ್ಲ. ಗ್ಲ್ಯಾಂಡಿನ ಮೇಲೆ ಕೈ ಇಟ್ಟು ಹಾಗೇ ಕೂತಿದ್ದೆ, ಉಗುರುಬೆಚ್ಚಗೆ ಇತ್ತು. ಎಲ್ಲರಿಗೂ ಮನಸಾರೆ ಧನ್ಯವಾದ. ನಿಮ್ಮಲ್ಲಿ ಯಾರು ಈ ಕಡೆ ಬಂದರೂ ಮನೆಗೆ ಊಟಕ್ಕೆ ಬರಬೇಕು.

ಸಾಗರದ ಗಣಿತ ಮೇಷ್ಟ್ರು
ಮಗಳಿಗೆ ನನ್ನ ಶಾಭಾಸ್ ಹೇಳಿ. ವಾರಕ್ಕೊಮ್ಮೆ ಎಣಿಸಿ ಬರೆಯಲಿ.

ಹೊಸನಗರದ ಹುಡುಗ
ಮಾವನ ದೋಣಿ ಬಿಚ್ಚಿದೆ. ಒಳಗೆ ಏಳು ಉಂಗುರ ಸಿಕ್ಕವು, ನಾಲ್ಕು ಇರಬೇಕಾದ ಕಡೆ. ಶಾಫ್ಟಿಗೆ ಇನ್ನೂ ಗೀರು ಬಿದ್ದಿಲ್ಲ. ನಾಳೆ ದಾರ ತರಲು ಹೋಗುತ್ತೇನೆ.

ತೀರ್ಥಹಳ್ಳಿ ತೋಟ
ತುಮರಿಯವರೇ, 8ರ ದಾರ ಎಷ್ಟು ತಂದಿರಿ? ನನ್ನ ಪಂಪಿಗೂ 8ರದ್ದೇ. ನಮ್ಮಲ್ಲಿ ಅಂಗಡಿಯಲ್ಲಿ ಮುಗಿದಿದೆ ಅನ್ನುತ್ತಿದ್ದಾರೆ.

ತುಮರಿ ದೋಣಿ
ಎರಡು ಮೀಟರ್ ತಂದಿದ್ದೆ, ಮುಕ್ಕಾಲು ಭಾಗ ಹಾಗೇ ಇದೆ. ಸೋಮವಾರ ಸಾಗರಕ್ಕೆ ಬರುತ್ತೇನೆ, ತಗೊಂಡು ಬರುತ್ತೇನೆ. ಬೆಳಿಗ್ಗೆ ಹನ್ನೊಂದಕ್ಕೆ ಬಸ್‌ಸ್ಟ್ಯಾಂಡಿನಲ್ಲಿ ಸಿಗಿ.